ಜಪಾನಿನ ಕನ್ವೀನಿಯನ್ಸ್ ಸ್ಟೋರ್‌ಗಳ ಬಿಸಿ ತಿಂಡಿಗಳಲ್ಲಿ ನಿಮಗೆ ಯಾವುದು ಇಷ್ಟ?

ನನ್ನ ಓಟು ಲಾಸನ್ ಅಂಗಡಿಯ ಕರಾಗೆ-ಕುನ್‌ಗೆ. ಕೋಳಿಯ ಎದೆ ಭಾಗದ ಮಾಂಸವನ್ನು ಸಣ್ಣ ತುಂಡು ಮಾಡಿ, ಹಿಟ್ಟು ಹಚ್ಚಿ ಕರಿದಿರುತ್ತಾರೆ. ಪುಟ್ಟ ಕಾಗದದ ಡಬ್ಬಿಯಲ್ಲಿ 5 ತುಂಡು, ಚುಚ್ಚಿ ತಿನ್ನಲು ಒಂದು ಕಡ್ಡಿ. ಕೈಗೆ ಎಣ್ಣೆ ಅಂಟುವುದಿಲ್ಲ, ನಡೆದುಕೊಂಡೇ ತಿನ್ನಬಹುದು. 1986ರಿಂದ ಮಾರಾಟದಲ್ಲಿದೆ. ರೆಗ್ಯುಲರ್, ರೆಡ್, ಚೀಸ್ ಅಂತ ರುಚಿಗಳಿವೆ. ರೆಡ್ ಖಾರದ್ದು ಅನ್ನುತ್ತಾರೆ. ಮೆಣಸಿನಕಾಯಿ ಬಜ್ಜಿ ತಿಂದು ಬೆಳೆದವರಿಗೆ ಅದು ಖಾರವೇ ಅಲ್ಲ, ಆದರೂ ಮೂರರಲ್ಲಿ ಅದೇ ಚೆನ್ನ. ಡಬ್ಬಿಯ ಮೇಲಿನ ಬೊಂಬೆ ಕೋಳಿಯ ಥರ ಕಾಣುತ್ತದೆ, ಅಲ್ವಾ? ಕಂಪನಿ ಮಾತ್ರ ಅದು ಕೋಳಿ ಅಲ್ಲ, ಒಂದು ಯಕ್ಷಿಣಿ ಅನ್ನುತ್ತದೆ! 2020ರಲ್ಲಿ ಇದರದೇ ಒಣಗಿಸಿದ ರೂಪಕ್ಕೆ ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಗಗನಯಾತ್ರಿಗಳ ಆಹಾರ ಅಂತ ಮಾನ್ಯತೆಯನ್ನೂ ಕೊಟ್ಟಿತು.

ಜಾಸ್ತಿ ಜನ ಹೇಳುವುದು ಫ್ಯಾಮಿಲಿಮಾರ್ಟ್‌ನ ಫಾಮಿಚಿಕಿ ಹೆಸರನ್ನು. 2006ರಲ್ಲಿ ಬಂದಿದ್ದು. ಮೂಳೆ ಇಲ್ಲದ ತೊಡೆ ಮಾಂಸದ ಒಂದೇ ದೊಡ್ಡ ತುಂಡು. ಕಚ್ಚಿದರೆ ರಸ ಇಳಿಯುತ್ತದೆ, ಅದರ ಹಿಂದೆ ಎಣ್ಣೆಯೂ. ತುಂಬಾ ಹಸಿದಿದ್ದರೆ ನಾನೂ ಅದನ್ನೇ ತೆಗೆದುಕೊಳ್ಳುತ್ತೇನೆ. ಸುಮ್ನೆ ಬಾಯಾಡಿಸಲು ಅಂದರೆ ಅದು ಹೆಚ್ಚಾಯಿತು.

ನಿಜ ಹೇಳಬೇಕೆಂದರೆ, ಯಾವ ಅಂಗಡಿ ಅನ್ನುವುದಕ್ಕಿಂತ ಯಾವಾಗ ಕರಿದಿದ್ದು ಅನ್ನುವುದೇ ಮುಖ್ಯ. ಅಂಗಡಿಯಲ್ಲೇ ಕರಿದು ಕೌಂಟರ್ ಪಕ್ಕದ ಬಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೊತ್ತು ಕಳೆದಂತೆ ಗರಿಗರಿ ಹೋಗಿ ಮೇಲಿನ ಪದರ ಮೆತ್ತಗಾಗುತ್ತದೆ. ಹಾಗಾಗಿ ಮಧ್ಯಾಹ್ನದ ಊಟದ ಹೊತ್ತಿಗೆ, ಪೆಟ್ಟಿಗೆ ತುಂಬುವಾಗ ಹೋಗಿ. ನಡುರಾತ್ರಿ ಹೋದರೆ ಎಷ್ಟೋ ಸಲ ಪೆಟ್ಟಿಗೆ ಖಾಲಿ ಇರುತ್ತದೆ. ಭಾಷೆ ಬಾರದಿದ್ದರೆ ಚಿಂತೆ ಇಲ್ಲ, ಬೆರಳು ತೋರಿಸಿದರೆ ಸಾಕು.

ಚಳಿ ಶುರುವಾದರೆ ಹಬೆಯಲ್ಲಿ ಬೆಂದ ಬನ್‌ಗಳು ಬರುತ್ತವೆ. ಹಂದಿ ಮಾಂಸ ತುಂಬಿದ್ದು ನಿಕುಮಾನ್, ಸಿಹಿ ಹೂರಣದ್ದು ಅನ್‌ಮಾನ್. ಕಡ್ಡಿಗೆ ಸಿಕ್ಕಿಸಿದ ಸಾಸೇಜನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಅಮೆರಿಕನ್ ಡಾಗ್ ನನಗೆ ಅಷ್ಟಕ್ಕಷ್ಟೇ. ಅದರ ಜೊತೆ ಕೊಡುವ ಪೊಟ್ಟಣ ಮಾತ್ರ ಭಲೇ! ಮಡಚಿ ಒತ್ತಿದರೆ ಕೆಚಪ್, ಸಾಸಿವೆ ಎರಡೂ ಒಟ್ಟಿಗೇ ಬರುತ್ತವೆ. ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಕೆಲವರು ಅದಕ್ಕೆ ಸಕ್ಕರೆ ಹಚ್ಚಿ ತಿನ್ನುತ್ತಾರೆ. ನೀವು ಆ ಕಡೆ ಹೋದರೆ ಸೇಕೋಮಾರ್ಟ್ ಅಂಗಡಿಯ ‘ಹಾಟ್ ಶೆಫ್’ ಕೌಂಟರ್ ಬಿಡಬೇಡಿ. ಅಂಗಡಿಯೊಳಗಿನ ಅಡುಗೆಮನೆಯಲ್ಲೇ ಬಿಸಿ ಊಟವನ್ನೂ ಮಾಡಿಕೊಡುತ್ತಾರೆ.

ಸಸ್ಯಾಹಾರಿಗಳಾದರೆ ಸ್ವಲ್ಪ ಕಷ್ಟ. ಅನ್‌ಮಾನ್ ಒಳಗೆ ಬರೀ ಬೇಳೆಯ ಹೂರಣ ಇದ್ದರೂ ಹಂದಿ ಕೊಬ್ಬು ಸೇರಿರಬಹುದು. ಓಡೆನ್ ಅಂದರೆ ಸಾರಿನಲ್ಲಿ ಬೇಯಿಸಿದ ತುಂಡುಗಳು, ಅದರ ಮೂಲಂಗಿ ಬೇಯುವುದೇ ಮೀನಿನ ಸಾರಿನಲ್ಲಿ. ಆಲೂಗಡ್ಡೆಯ ಹ್ಯಾಶ್ ಬ್ರೌನನ್ನು ಕೋಳಿ ಕರಿದ ಎಣ್ಣೆಯಲ್ಲೇ ಕರಿದಿರಬಹುದು. ಕೆಲವು ಅಂಗಡಿಗಳಲ್ಲಿ ಸುಟ್ಟ ಗೆಣಸು ಸಿಗುತ್ತದೆ, ಕಣ್ಣುಮುಚ್ಚಿ ಅದನ್ನು ತೆಗೆದುಕೊಳ್ಳಿ.

ಇನ್ನೊಂದು ವಿಷಯ. 2019ರ ಅಕ್ಟೋಬರ್‌ನಿಂದ ಕಟ್ಟಿಸಿಕೊಂಡು ಹೋದರೆ ತೆರಿಗೆ 8%, ಅಲ್ಲೇ ಕುಳಿತು ತಿಂದರೆ 10%. ಕೂರುವ ಜಾಗ ಇರುವ ಅಂಗಡಿಯಾದರೆ, ಬಿಲ್ ಮಾಡುವ ಮೊದಲೇ ಅಲ್ಲಿ ತಿನ್ನುವುದಾಗಿ ಹೇಳಬೇಕು.