ಆಟ ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಓದುಗರ ಪತ್ರ: ದಾವಣಗೆರೆಯಿಂದ ಸುರತ್ಕಲ್ಲಿಗೆ ವರ್ಗವಾಗಿ ಬಂದು ವರ್ಷವಾಯಿತು. ರಾತ್ರಿ ಚೆಂಡೆ ಕೇಳಿಸುತ್ತದೆ, ಯಕ್ಷಗಾನ ಎಲ್ಲಿತ್ತು ಎಂಬುದು ಬೆಳಿಗ್ಗೆ ಗೊತ್ತಾಗುತ್ತದೆ. ಮೊದಲೇ ತಿಳಿಯುವ ದಾರಿ ಇದೆಯೇ? ಯಾರದೋ ಮನೆಯ ಹರಕೆಗೆ ಕರೆಯದೆ ಹೋಗುವುದು ಸರಿಯೇ?

ಸಂಪಾದಕರ ಉತ್ತರ: ಕೊನೆಯ ಸಂಕೋಚವನ್ನು ಮೊದಲು ಬಿಡಿ. ಹರಕೆ ತೀರಿಸಲು ಬಯಲಿನಲ್ಲಿ ಆಡಿಸುವ ಹರಕೆ ಬಯಲಾಟದ ಖರ್ಚು ಹರಕೆ ಹೊತ್ತ ಸೇವಾಕರ್ತರದು; ಆಟ, ಅಂದರೆ ಯಕ್ಷಗಾನ, ಊರಿನದು. ಟಿಕೆಟ್ ಇಲ್ಲ, ಯಾರೆಂದು ಕೇಳುವವರೂ ಇಲ್ಲ. ಊಟಕ್ಕೆ ಎಬ್ಬಿಸಿದರೆ ಹೋಗಿ ಉಣ್ಣಿ; ಬೇಡವೆಂದರೆ ಬೇಸರ ಅವರಿಗೇ. ಟಿಕೆಟ್ ಇರುವುದು ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳ, ಅಂದರೆ ಡೇರೆ ಹಾಕಿ ಆಡುವ ತಂಡಗಳ, ಆಟಕ್ಕೆ. ಅವಕ್ಕೆ ಪ್ರಸಂಗದ (ಆಡುವ ಕತೆಯ) ಹೆಸರು ಹಾಕಿ ಜಾಹೀರಾತು ಮಾಡುತ್ತಾರೆ, ಹುಡುಕಬೇಕಾಗಿಲ್ಲ.

ಹುಡುಕಬೇಕಾದ್ದು ಹರಕೆ ಆಟವನ್ನೇ. ಮೇಳಗಳು ಊರೂರು ಸುತ್ತುವ ತಿರುಗಾಟದ ದಿನಗಳಲ್ಲಿ ಕರಾವಳಿಯ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಆ ರಾತ್ರಿ ಯಾವ ಮೇಳ ಎಲ್ಲಿ ಎಂಬ ಸಣ್ಣಕ್ಷರದ ಪಟ್ಟಿ ಬರುತ್ತದೆ. ಫೋನಿನಲ್ಲಿ ಪತ್ರಿಕೆ ಓದುವವರು ಮಂಗಳೂರು ಆವೃತ್ತಿಯನ್ನೇ ಆರಿಸಿಕೊಳ್ಳಬೇಕು. ಬೆಂಗಳೂರಿನ ಆವೃತ್ತಿ ತೆರೆದು ‘ಪಟ್ಟಿಯೇ ಇಲ್ಲ’ ಎನ್ನುವವರು ನಮಗೆ ಆಗಾಗ ಬರೆಯುತ್ತಾರೆ.

ಪಟ್ಟಿಯ ಸಾಲು ಓದಲೂ ಸ್ವಲ್ಪ ರೂಢಿ ಬೇಕು. ‘ಕಟೀಲು 3: ಪಡು… ಬಾಕಿಮಾರು ಗದ್ದೆ’ ಎಂದಿದೆ ಎನ್ನೋಣ. 3 ಎಂದರೆ ಮೂರನೇ ಮೇಳ. ಕಟೀಲು ದೇವಸ್ಥಾನದ ಹಲವು ಮೇಳಗಳು ಒಂದೇ ರಾತ್ರಿ ಬೇರೆ ಬೇರೆ ಊರಿನಲ್ಲಿರುತ್ತವೆ. ಪಡು ಎಂದರೆ ಪಶ್ಚಿಮ, ಮೂಡು ಎಂದರೆ ಪೂರ್ವ. ಪಡುಶೆಡ್ಡೆ, ಮೂಡುಶೆಡ್ಡೆ ಎರಡೂ ಮಂಗಳೂರಿನ ಹತ್ತಿರವೇ ಇವೆ, ಅವಸರದಲ್ಲಿ ಓದಿದರೆ ಎಡವುತ್ತೀರಿ. ಬಾಕಿಮಾರು ಎಂಬ ಹೆಸರಿನ ಗದ್ದೆಯಂತೂ ಹಲವು ಊರುಗಳಲ್ಲಿದೆ. ಹಾಗಾಗಿ ಮ್ಯಾಪಿನಲ್ಲಿ ಗದ್ದೆಯನ್ನು ಹುಡುಕಬೇಡಿ. ಆ ಊರಿನ ಶಾಲೆಗೋ ದೇವಸ್ಥಾನಕ್ಕೋ ದಾರಿ ಹಾಕಿಕೊಂಡು ಹೋಗಿ, ರಿಕ್ಷಾ ನಿಲ್ದಾಣದಲ್ಲಿ ‘ಇವತ್ತು ಆಟ ಎಲ್ಲಿ?’ ಎಂದು ಕೇಳಿ.

ಪಟ್ಟಿ ತಪ್ಪುವುದೂ ಉಂಟು. ಸೇವಾಕರ್ತರ ಮನೆಯಲ್ಲಿ ಸೂತಕ ಬಂದರೆ ಆಟ ಮುಂದೆ ಹೋಗುತ್ತದೆ, ಅಷ್ಟರಲ್ಲಿ ಪತ್ರಿಕೆ ಅಚ್ಚಾಗಿರುತ್ತದೆ. ಅಕಾಲ ಮಳೆ ಬಂದರೆ ಗದ್ದೆಯಿಂದ ಸಭಾಭವನಕ್ಕೆ ಬದಲಾಗಬಹುದು. ದೂರ ಹೋಗುವುದಾದರೆ ಆಮಂತ್ರಣ ಪತ್ರಿಕೆಯಲ್ಲಿರುವ ನಂಬರಿಗೆ ಮಧ್ಯಾಹ್ನ ಒಂದು ಫೋನ್ ಮಾಡಿ. ಈ ಆಮಂತ್ರಣಗಳು ಕ್ಷೌರದಂಗಡಿಯಲ್ಲಿ, ದಿನಸಿ ಅಂಗಡಿಯ ಗಲ್ಲೆಯ ಮೇಲೆ ವಾರ ಮುಂಚೆಯೇ ಬಿದ್ದಿರುತ್ತವೆ. ಹತ್ತಿರದ ಊರಾದರೆ ಫೋನೂ ಬೇಡ: ಗದ್ದೆಯಲ್ಲಿ ಮೇಳದ ಲಾರಿ ನಿಂತು ರಂಗಸ್ಥಳದ ಸಾಮಾನು ಇಳಿಸುತ್ತಿದ್ದರೆ ಆಟ ಖಾತ್ರಿ.

ಆಮಂತ್ರಣದಲ್ಲಿ ಮೇಲೆ ಅಚ್ಚಾಗಿರುವ ಹೊತ್ತು ಹೆಚ್ಚಾಗಿ ಚೌಕಿಪೂಜೆಯದು, ಅಂದರೆ ವೇಷ ಕಟ್ಟುವ ಚೌಕಿಯಲ್ಲಿ ನಡೆಯುವ ಪೂಜೆಯದು. ಅದಾದ ಮೇಲೆ ಕತೆಗೆ ಮುಂಚಿನ ಹಾಡು-ಕುಣಿತಗಳ ಪೂರ್ವರಂಗ, ಆಮೇಲೆ ಪ್ರಸಂಗ. ಹೊಸಬರು ಬೇಗ ಬಂದು, ಬಾಲಗೋಪಾಲರ ಕುಣಿತ ನೋಡಿ, ಕತೆ ಶುರುವಾಗುವ ಮೊದಲೇ ಎದ್ದು ಹೋಗುವುದು ಇದರಿಂದಲೇ. ‘ಕಾಲಮಿತಿ’ (ಬೆಳಗಿನವರೆಗೆ ಎಳೆಯದ ಆಟ) ಎಂದಿದ್ದರೆ ಮಾತ್ರ ತಡಮಾಡಬೇಡಿ. ಅಲ್ಲಿ ಪೂರ್ವರಂಗ ಬೇಗ ಮುಗಿಯುತ್ತದೆ.

ಇದೆಲ್ಲ ದೀಪಾವಳಿಯ ನಂತರದಿಂದ ಪತ್ತನಾಜೆಯವರೆಗೆ, ಅಂದರೆ ಮೇ 24ರ ಆಸುಪಾಸಿನವರೆಗೆ. ಅಂದು ತೆಂಕಿನ, ಅಂದರೆ ಕರಾವಳಿಯ ದಕ್ಷಿಣ ಭಾಗದ ಶೈಲಿಯ, ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಮಳೆಗಾಲದಲ್ಲಿ ವೇಷ, ಕುಣಿತವಿಲ್ಲದೆ ಕೂತು ಹಾಡು-ಮಾತಿನಲ್ಲೇ ಕತೆ ನಡೆಸುವ ತಾಳಮದ್ದಳೆ ಇರುತ್ತದೆ. ಅದು ಸಭಾಭವನಗಳಲ್ಲಿ, ದೇವಸ್ಥಾನಗಳಲ್ಲಿ ನಡೆಯುವುದರಿಂದ ಅದರ ಸುದ್ದಿ, ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ದ ಅಂಕಣದಲ್ಲಿ ಸಿಗುತ್ತದೆ. ಆಟದ ಪಟ್ಟಿ ಹುಡುಕುತ್ತ ಕೂತರೆ ಸಿಗದು.