ಬಿಪಿ ಸರಿಯಿದ್ದರೂ ಎಕೋ ಯಾಕೆ?

ಪ್ರಶ್ನೆ: ಅಕ್ಕನ ಮಗು 28 ವಾರಕ್ಕೇ ಹುಟ್ಟಿ ಎನ್‌ಐಸಿಯುನಲ್ಲಿದೆ. ಬಿಪಿ ಸರಿಯಿದೆ ಎನ್ನುತ್ತಾರೆ, ಆದರೂ ಮೊದಲ ದಿನವೇ ಎರಡು ಸಲ ಹೃದಯದ ಎಕೋ ಮಾಡಿದರು. ಅಷ್ಟು ಪುಟ್ಟ ಮಗುವಿಗೆ ಇದು ಬೇಕಿತ್ತೇ?

ಉತ್ತರ: ಬೇಕಿತ್ತು. ಬಿಪಿ ಎಂದರೆ ರಕ್ತದ ಹರಿವು, ನಾಳಗಳ ಬಿಗಿತ ಎರಡೂ ಸೇರಿ ಬರುವ ಅಂಕಿ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಎಳೆಯ ಹೃದಯ ಹೆಚ್ಚಿನ ಬಿಗಿತದ ವಿರುದ್ಧ ರಕ್ತ ತಳ್ಳಬೇಕಾಗುತ್ತದೆ. ಆಗ ಹರಿವು ಕುಗ್ಗಿದರೂ ಬಿಪಿ ಚೆನ್ನಾಗಿಯೇ ಕಾಣಬಹುದು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚಾಗಿ ಮೊದಲ 12 ಗಂಟೆಗಳಲ್ಲೇ ಆಗುತ್ತದೆ. ಹರಿವು ಮತ್ತೆ ಏರುವಾಗ ಮಿದುಳಿನಲ್ಲಿ ರಕ್ತಸ್ರಾವದ ಭಯ. ಅದಕ್ಕೇ ಅವಸರ.

ಈ ಹರಿವನ್ನು ಎಕೋದಲ್ಲಿ ಅಳೆಯಬಹುದು. ದೇಹದ ಮೇಲ್ಭಾಗದಿಂದ ಹೃದಯಕ್ಕೆ ಮರಳುವ ರಕ್ತ ನಿಮಿಷಕ್ಕೆ ಕೆಜಿಗೆ ಸುಮಾರು 40 ಮಿಲಿಗಿಂತ ಕಡಿಮೆಯಿದ್ದರೆ ಎಚ್ಚರ ಬೇಕು. ಆದರೆ ಈ ಲೆಕ್ಕ ಬಹಳ ಸೂಕ್ಷ್ಮ. 4 ಮಿಮೀ ನಾಳವನ್ನು 4.5 ಎಂದು ಅಳೆದರೆ ಹರಿವು ಕಾಲುಭಾಗಕ್ಕಿಂತ ಹೆಚ್ಚು ಉಬ್ಬಿ ಕಾಣುತ್ತದೆ. ಆದ್ದರಿಂದ ಒಂದೇ ಅಂಕಿಯನ್ನು ನಂಬದೆ ಮೂತ್ರದ ಪ್ರಮಾಣ, ಲ್ಯಾಕ್ಟೇಟ್ (ಅಂಗಗಳಿಗೆ ಆಕ್ಸಿಜನ್ ಸಾಲದಾಗ ರಕ್ತದಲ್ಲಿ ಏರುವ ಆಮ್ಲ), ಚರ್ಮ ಒತ್ತಿ ಬಿಟ್ಟಾಗ ಬಣ್ಣ ಮರಳುವ ವೇಗ ಎಲ್ಲವನ್ನೂ ಜೊತೆಗಿಟ್ಟು ನೋಡುತ್ತಾರೆ.

ಕಾರಣ ತಿಳಿದರೇ ಔಷಧ ಸರಿಹೋಗುವುದು. ಹೃದಯ ತುಂಬದೆ ಬಡಿಯುತ್ತಿದ್ದರೆ ಕೆಜಿಗೆ 10 ಮಿಲಿ ಸಲೈನ್ ನಿಧಾನವಾಗಿ. ಬಡಿತವೇ ದುರ್ಬಲವಿದ್ದರೆ ಅದಕ್ಕೆ ಬಲ ಕೊಡುವ ಡೊಬುಟಮಿನ್. ಪಿಡಿಎ (ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳನ್ನು ಸೇರಿಸುವ, ಹುಟ್ಟಿದ ಮೇಲೆ ಮುಚ್ಚಬೇಕಾದ ಕೊಂಡಿ) ಅಗಲವಾಗಿ ತೆರೆದಿರುವ ಮಗುವಿಗೆ ಸಲೈನ್ ಸುರಿದರೆ ಶ್ವಾಸಕೋಶ ತುಂಬಿಕೊಂಡು ಉಸಿರಾಟ ಹದಗೆಡಬಹುದು. ಇನ್ನೊಂದು ಮಾತು ಬಹಳ ಮುಖ್ಯ: ಕೆಲವು ಹುಟ್ಟು ಹೃದ್ರೋಗಗಳಲ್ಲಿ ಪಿಡಿಎಯೇ ಜೀವನಾಡಿ. ಅದನ್ನು ಮುಚ್ಚುವ ಔಷಧ ಕೊಡುವ ಮುನ್ನ ಹೃದಯದ ರಚನೆ ಸರಿಯಿದೆಯೇ ಎಂದು ನೋಡಲೇಬೇಕು. ಸಂಶಯವಿದ್ದರೆ ಮಕ್ಕಳ ಹೃದ್ರೋಗ ತಜ್ಞರನ್ನು ಕರೆಸಬೇಕು. ಎರಡನೇ ಎಕೋ ಸಾಮಾನ್ಯವಾಗಿ ಕೊಟ್ಟ ಔಷಧ ಫಲಿಸಿತೇ ಎಂದು ನೋಡಲು.

ಎಕೋದಲ್ಲಿ ವಿಕಿರಣವಿಲ್ಲ. ತೊಂದರೆ ಬರುವುದು ಮುಟ್ಟುವುದರಿಂದ: ತಣ್ಣನೆಯ ಜೆಲ್ ಮೈ ತಣ್ಣಗಾಗಿಸುತ್ತದೆ, ಪಕ್ಕೆಲುಬಿನ ಕೆಳಗೆ ಪ್ರೋಬ್ ಊರಿದರೆ ಆಕ್ಸಿಜನ್ ಇಳಿಯುತ್ತದೆ. ಜೆಲ್ ಬೆಚ್ಚಗಿರಬೇಕು, ಪ್ರೋಬ್ ಹಗುರವಾಗಿ ತಾಗಬೇಕು, ಒಬ್ಬರ ಕಣ್ಣು ಮಾನಿಟರಿನ ಮೇಲೇ ಇರಬೇಕು.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಹೊಕ್ಕುಳ ಅಪಧಮನಿಯೊಳಗೆ ಇಟ್ಟ ಕೊಳವೆಯ (ಲೈನಿನ) ಬಿಪಿಗೂ ಪಟ್ಟಿ ಕಟ್ಟಿ ನೋಡಿದ ಬಿಪಿಗೂ ಹೊಂದುತ್ತಿಲ್ಲ. ಯಾವುದನ್ನು ನಂಬಲಿ?

ಉತ್ತರ: ಲೈನ್ ಸರಿಯಿದ್ದರೆ ಲೈನನ್ನೇ. ಮೊದಲು ಟ್ರಾನ್ಸ್‌ಡ್ಯೂಸರ್ (ಲೈನಿನ ಒತ್ತಡವನ್ನು ಅಳೆಯುವ ಸಾಧನ) ಹೃದಯದ ಮಟ್ಟದಲ್ಲಿದೆಯೇ ನೋಡಿ. 10 ಸೆಂಮೀ ಕೆಳಗಿದ್ದರೆ ಬಿಪಿ 7ರಿಂದ 8 ಎಂಎಂಎಚ್‌ಜಿ ಹೆಚ್ಚು ತೋರಿಸುತ್ತದೆ. ಮಾನಿಟರಿನಲ್ಲಿ ಬಿಪಿಯ ಅಲೆ ಚಪ್ಪಟೆಯಾಗಿದ್ದರೆ ಕೊಳವೆಯಲ್ಲಿ ಗಾಳಿಗುಳ್ಳೆ ಹುಡುಕಿ. ಆಗ ಮೇಲಿನ ಅಂಕಿ ಇಳಿದು ಕೆಳಗಿನದು ಏರಿರುತ್ತದೆ, ಸರಾಸರಿ ಮಾತ್ರ ಹೆಚ್ಚು ಕೆಡುವುದಿಲ್ಲ. ಪಟ್ಟಿ ಚಿಕ್ಕದಾದರೆ ಬಿಪಿ ಹೆಚ್ಚಾಗಿ ಬರುತ್ತದೆ.