ಪಿಎಸ್‌ಎ ಇಳಿದರೂ ಸ್ಕ್ಯಾನ್‌ನಲ್ಲಿ ಚುಕ್ಕೆ ಬೆಳಗುವುದೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷ, ಪ್ರಾಸ್ಟೇಟ್ ಕ್ಯಾನ್ಸರ್ ಇದೆ. ಹೈದರಾಬಾದಿನಲ್ಲಿ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಆದ ಮೇಲೆ ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಕೊಟ್ಟರು. ಆರು ವಾರದಲ್ಲಿ ರಕ್ತಪರೀಕ್ಷೆಯ ಪಿಎಸ್‌ಎ ಅಂಕಿ 64ರಿಂದ 9ಕ್ಕೆ ಇಳಿದಿದೆ. ಆದರೆ ವಿಕಿರಣ ಚಿಕಿತ್ಸೆಗೆ ಮುನ್ನ ಮಾಡಿಸಿದ ಎರಡನೆಯ ಸ್ಕ್ಯಾನ್‌ನಲ್ಲಿ ಸೊಂಟದ ಮೂಳೆಯಲ್ಲಿದ್ದ ಚುಕ್ಕೆಯ ಹೊಳಪನ್ನು ಅಳೆಯುವ ಎಸ್‌ಯುವಿ ಅಂಕಿ 11ರಿಂದ 17ಕ್ಕೆ ಏರಿದೆ. ರೋಗ ಹಬ್ಬುತ್ತಿದೆಯೇ? ಇಂಜೆಕ್ಷನ್ ನಿಲ್ಲಿಸಬೇಕೇ?
– ಓದುಗರು, ಆಳಂದ, ಕಲಬುರಗಿ ಜಿಲ್ಲೆ

ಉತ್ತರ: ಇಂಜೆಕ್ಷನ್ನನ್ನು ನೀವಾಗಿಯೇ ನಿಲ್ಲಿಸಬೇಡಿ. ಹೊಸ ಚುಕ್ಕೆ ಕಂಡಿದೆ ಎಂದು ನೀವು ಬರೆದಿಲ್ಲ. ಹಳೆಯ ಚುಕ್ಕೆಯ ಹೊಳಪು ಹೆಚ್ಚಿದ್ದನ್ನು ಮಾತ್ರ ನೋಡಿ ರೋಗ ಹಬ್ಬಿದೆ ಎನ್ನಲಾಗದು.

ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಕೋಶಗಳು ತಯಾರಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನ್; ಪಿಎಸ್‌ಎಂಎ ಆ ಕೋಶಗಳ ಹೊರಪೊರೆಯ ಮೇಲಿರುವ ಇನ್ನೊಂದು ಪ್ರೋಟೀನ್. ಈ ಹೆಸರುಗಳು ಅಣ್ಣತಮ್ಮಂದಿರಂತೆ ಕೇಳಿಸಿದರೂ ಪುರುಷ ಹಾರ್ಮೋನಿನ ಎದುರು ಇವೆರಡರ ನಡೆ ತದ್ವಿರುದ್ಧ. ಟೆಸ್ಟೋಸ್ಟೆರಾನ್ ಕೋಶದೊಳಗಿನ ಆಂಡ್ರೊಜನ್ ಗ್ರಾಹಕಕ್ಕೆ ಅಂಟಿದಾಗ ಪಿಎಸ್‌ಎ ತಯಾರಿಸುವ ಜೀನ್ ಚುರುಕಾಗುತ್ತದೆ. ಅದೇ ಗ್ರಾಹಕ ಪಿಎಸ್‌ಎಂಎ ತಯಾರಿಸುವ ಫೋಲ್ಹ್1 ಎಂಬ ಜೀನನ್ನು ಅದುಮಿ ಹಿಡಿಯುತ್ತದೆ. ಇಂಜೆಕ್ಷನ್ನಿನಿಂದ ಹಾರ್ಮೋನ್ ಕುಸಿದಾಗ ಆ ಹಿಡಿತ ಸಡಿಲವಾಗಿ, ಬದುಕುಳಿದ ಪ್ರತಿ ಕೋಶವೂ ತನ್ನ ಹೊರಪೊರೆಯ ಮೇಲೆ ಹೆಚ್ಚು ಪಿಎಸ್‌ಎಂಎ ಹೊರಹಾಕಬಹುದು. ಸ್ಕ್ಯಾನ್‌ಗೆ ಮೊದಲು ನರಕ್ಕೆ ಕೊಡುವ ಗ್ಯಾಲಿಯಂ-68ರಂಥ ವಿಕಿರಣಶೀಲ ಔಷಧ ಅಂಟಿಕೊಳ್ಳುವುದು ಈ ಪಿಎಸ್‌ಎಂಎಗೇ. ಆದ್ದರಿಂದ ಕೋಶಗಳ ಸಂಖ್ಯೆ ಹೆಚ್ಚದೆಯೇ, ಒಮ್ಮೊಮ್ಮೆ ಕಡಿಮೆಯಾಗುತ್ತಿರುವಾಗಲೇ, ಚುಕ್ಕೆ ಮೊದಲಿಗಿಂತ ಪ್ರಖರವಾಗಿ ಕಾಣಬಹುದು. ಅಂದರೆ ನಿಮ್ಮ ತಂದೆಯವರ ಪಿಎಸ್‌ಎ ಇಳಿದದ್ದಕ್ಕೂ ಎಸ್‌ಯುವಿ ಏರಿದ್ದಕ್ಕೂ ಆ ಒಂದೇ ಇಂಜೆಕ್ಷನ್ ಕಾರಣವಿರಬಹುದು.

ಎಲ್ಲರಲ್ಲಿಯೂ ಹೀಗೆಯೇ ಆಗುವುದಿಲ್ಲ. ಒಬ್ಬನೇ ರೋಗಿಯಲ್ಲಿ ಒಂದು ಗಂಟು ಹೊಳೆದು ಇನ್ನೊಂದು ಮಂಕಾಗುವುದುಂಟು. ಹಾರ್ಮೋನ್ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ರೋಗದಲ್ಲಿ ತಿಂಗಳುಗಳು ಕಳೆದಂತೆ ಕೋಶಗಳೇ ಕುಗ್ಗುವುದರಿಂದ ಬಹುಪಾಲು ಚುಕ್ಕೆಗಳು ಮಾಸುತ್ತವೆ. ಹಾಗೆಂದು ಮಾಸಿದ ಚುಕ್ಕೆಯನ್ನು ವಾಸಿಯಾದ ಚುಕ್ಕೆ ಎಂದುಕೊಳ್ಳಬಾರದು. ಸಣ್ಣ ಗಂಟುಗಳು ಸ್ಕ್ಯಾನ್‌ನ ಕಣ್ಣಿಗೆ ಬೀಳದೆ ಉಳಿಯಬಲ್ಲವು. ರೋಗ ಎಲ್ಲೆಲ್ಲಿದೆ ಎಂದು ತಿಳಿಯುವ ಮೊದಲ ಸ್ಕ್ಯಾನನ್ನು ಸಾಧ್ಯವಾದರೆ ಇಂಜೆಕ್ಷನ್ನಿಗೆ ಮುನ್ನವೇ ಮಾಡಿಸುವುದು ಇದಕ್ಕಾಗಿಯೇ, ಆ ವಿಷಯದಲ್ಲಿ ನಿಮ್ಮ ವೈದ್ಯರ ಕ್ರಮ ಸರಿಯಾಗಿದೆ. ಆರೇ ವಾರಕ್ಕೆ ಎರಡನೆಯದು ಬೇಕಿತ್ತೇ ಎಂಬ ಅನುಮಾನ ನನಗಂತೂ ಇದೆ.

ಸಕ್ಕರೆಯ ರೂಪದ ಎಫ್‌ಡಿಜಿ ಬಳಸುವ ಪೆಟ್ ಸ್ಕ್ಯಾನ್‌ನ ಲೆಕ್ಕ ಬೇರೆ: ಹಾರ್ಮೋನ್ ಇಳಿದಾಗ ಕೋಶ ಸಕ್ಕರೆ ಹೀರುವುದು ಸಾಮಾನ್ಯವಾಗಿ ತಗ್ಗುತ್ತದೆ. ಹೀಗಾಗಿ ಎರಡು ಬಗೆಯ ಸ್ಕ್ಯಾನ್‌ಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಇನ್ನೊಂದು ಮಾತು. ಗ್ಯಾಲಿಯಂ-68 ಪ್ರತಿ 68 ನಿಮಿಷಕ್ಕೆ ಅರ್ಧವಾಗುತ್ತದೆ. ಯಂತ್ರ ಆ ಇಳಿಕೆಯನ್ನು ಲೆಕ್ಕ ಹಾಕಿ ಸರಿಪಡಿಸುತ್ತದಾದರೂ, ಔಷಧ ಕೊಟ್ಟು ಎಷ್ಟು ಹೊತ್ತಿಗೆ ಚಿತ್ರ ತೆಗೆದರು, ಯಂತ್ರ ಯಾವುದು ಎಂಬುದರ ಮೇಲೂ ಎಸ್‌ಯುವಿ ಬದಲಾಗುತ್ತದೆ. ಎರಡೂ ಸ್ಕ್ಯಾನ್‌ಗಳ ಸಿಡಿಗಳನ್ನು, ಇಂಜೆಕ್ಷನ್ ಕೊಟ್ಟ ದಿನಾಂಕ ಬರೆದ ಚೀಟಿಯನ್ನು ಒಬ್ಬರೇ ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರಿಗೆ ತೋರಿಸಿ. ಮುಂದಿನ ಪಿಎಸ್‌ಎ ಜೊತೆಗೆ ಟೆಸ್ಟೋಸ್ಟೆರಾನ್ ಮಟ್ಟವನ್ನೂ ಪರೀಕ್ಷಿಸಲು ಕೇಳಿ. ಅದು ಡೆಸಿಲೀಟರಿಗೆ 50 ನ್ಯಾನೊಗ್ರಾಂಗಿಂತ ಕೆಳಗಿದ್ದು ಪಿಎಸ್‌ಎ ಮತ್ತೆ ಏರತೊಡಗಿದರೆ, ಹೊಸ ಚುಕ್ಕೆ ಮೂಡಿದರೆ, ಸೊಂಟನೋವು ಹೆಚ್ಚಿದರೆ ಚಿಕಿತ್ಸೆ ಬದಲಿಸುವ ಮಾತು ಬರುತ್ತದೆ. ಕಾಲುಗಳಲ್ಲಿ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಮುಂದಿನ ತಾರೀಖಿಗೆ ಕಾಯದೆ ಅಂದೇ ಕಲಬುರಗಿಯ ಆಸ್ಪತ್ರೆಗೆ ಕರೆತನ್ನಿ.